ಗಣಕದೊಳಗೊಂದು ಗಣಕ

ಶಾಲೆಗೆ ಹೊಸ ಗಣಕ ಬಂದಿದೆ, ಅದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ ಎಂದಿಟ್ಟುಕೊಳ್ಳಿ. ಆದರೆ ನೀವು ವರ್ಷಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳು, ಪಾಠಟಿಪ್ಪಣಿಗಳು ವಿಂಡೋಸ್ ಎಕ್ಸ್‌ಪಿ ಕಾಲದ ಕನ್ನಡ ತಂತ್ರಾಂಶವೊಂದರಲ್ಲಿವೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡದ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಷ್ಟೇ ಕಾಣುತ್ತವೆ. ಹಳೆಯ ಗಣಕವಂತೂ ಕೆಟ್ಟು ಮೂಲೆ ಸೇರಿದೆ. ಹಾಗಾದರೆ ಬರೆದದ್ದೆಲ್ಲ ಹೋಯಿತೆ? ಹೋಗಬೇಕಾಗಿಲ್ಲ. ಹಳೆಯ ಗಣಕವನ್ನು ಹೊಸದರೊಳಗೆ ತಂತ್ರಾಂಶದಿಂದಲೇ ಕಟ್ಟಿಕೊಳ್ಳಬಹುದು. ಈ ವಿಧಾನದ ಹೆಸರು ವರ್ಚುವಲೈಸೇಷನ್.

ನೇರವಾಗಿ ಏಕೆ ಓಡದು?

ಪರದೆಯ ಮೇಲೆ ಬರೆಯಲು, ಕಡತ ತೆರೆಯಲು ಪ್ರತಿಯೊಂದು ತಂತ್ರಾಂಶವೂ ಕಾರ್ಯಾಚರಣ ವ್ಯವಸ್ಥೆಯ ನೆರವು ಕೇಳುತ್ತದೆ. ವಿಂಡೋಸ್‌ನಲ್ಲಿ ಕೇಳುವ ಕ್ರಮ ಬೇರೆ, ಲಿನಕ್ಸ್‌ನಲ್ಲಿ ಬೇರೆ. ಇದಕ್ಕೆ ಎರಡು ಪರಿಹಾರಗಳಿವೆ. ವಿಂಡೋಸ್‌ಗೆ ಹೋಗಬೇಕಾದ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ಬದಲಿಸಿಕೊಡುವುದು ಒಂದು. 1993ರಲ್ಲಿ ಆರಂಭವಾದ 'ವೈನ್' ಮಾಡುವುದು ಇದನ್ನೇ. ಎರಡನೆಯದು, ಇಡೀ ವಿಂಡೋಸನ್ನೇ ಒಂದು ಕಲ್ಪಿತ ಗಣಕದಲ್ಲಿ ಓಡಿಸುವುದು. ಇಲ್ಲಿ ಲಿನಕ್ಸ್ ಆತಿಥೇಯ, ವಿಂಡೋಸ್ ಅತಿಥಿ. ಇವೆರಡರ ನಡುವೆ ನಿಲ್ಲುವ ಮೇಲ್ವಿಚಾರಕ ತಂತ್ರಾಂಶವೇ ಹೈಪರ್‌ವೈಸರ್.

ಅತಿಥಿಗೆ ತಿಳಿಯದ ಗುಟ್ಟು

ಕಾರ್ಯಾಚರಣ ವ್ಯವಸ್ಥೆ ಇಡೀ ಯಂತ್ರ ತನ್ನದೆಂದೇ ಭಾವಿಸಿ ಆದೇಶ ಕೊಡುತ್ತದೆ. ಒಂದೇ ಯಂತ್ರಕ್ಕೆ ಇಬ್ಬರು ಯಜಮಾನರಾದರೆ ಗತಿಯೇನು? ಪ್ರೊಸೆಸರ್‌ನಲ್ಲಿ ಅಧಿಕಾರದ ಮಟ್ಟಗಳಿವೆ. ಅತಿಥಿಯನ್ನು ಕೆಳಮಟ್ಟದಲ್ಲಿ ಓಡಿಸಿದಾಗ, ಕೂಡುವ, ಕಳೆಯುವ ಸಾಮಾನ್ಯ ಆದೇಶಗಳು ನೇರವಾಗಿ ಪ್ರೊಸೆಸರ್‌ನಲ್ಲೇ ನಡೆಯುತ್ತವೆ. ಮೇಲಿನ ಅಧಿಕಾರ ಬೇಡುವ ಆದೇಶ ಬಂದೊಡನೆ ಪ್ರೊಸೆಸರ್ ತಡೆದು ನಿಲ್ಲಿಸುತ್ತದೆ. ಆಗ ಹೈಪರ್‌ವೈಸರ್ ಆ ಕೆಲಸವನ್ನು ಅತಿಥಿಯ ಪರವಾಗಿ ತಾನು ಮಾಡಿ, ಫಲಿತಾಂಶ ಒಪ್ಪಿಸಿ, ಮುಂದುವರಿಯಲು ಬಿಡುತ್ತದೆ. ಹೆಚ್ಚಿನ ಆದೇಶಗಳು ನೇರವಾಗಿ ನಡೆಯುವುದರಿಂದ ವೇಗ ಅಷ್ಟಾಗಿ ಕುಗ್ಗದು.

ಐಬಿಎಂ ಸಂಸ್ಥೆ ತನ್ನ ದೊಡ್ಡ ಗಣಕಗಳಿಗೆ 1972ರಲ್ಲೇ ವಿಎಂ/370 ಎಂಬ ಇಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇದಕ್ಕೊಂದು ನಿಯಮ ಕೊಟ್ಟರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಪ್ರತಿಯೊಂದು ಸೂಕ್ಷ್ಮ ಆದೇಶವೂ ಕೆಳಮಟ್ಟದಲ್ಲಿ ತಡೆಗೆ ಸಿಕ್ಕಬೇಕು.

ನಮ್ಮ ಮೇಜಿನ ಗಣಕಗಳ ಎಕ್ಸ್86 ಪ್ರೊಸೆಸರ್ ಈ ಪರೀಕ್ಷೆಯಲ್ಲಿ ಅನುತ್ತೀರ್ಣ! ಉದಾಹರಣೆಗೆ 'ಪಾಪ್ಎಫ್' ಎಂಬ ಆದೇಶ. ಹೊರಗಿನ ಸಾಧನಗಳ ಕರೆಗೆ ಕಿವಿಗೊಡಬೇಕೆ, ಬೇಡವೆ ಎಂಬುದನ್ನು ಇದರಿಂದ ಬದಲಿಸಬಹುದು. ಕೆಳಮಟ್ಟದಿಂದ ಈ ಆದೇಶ ಬಂದರೆ ಪ್ರೊಸೆಸರ್ ಆ ಬದಲಾವಣೆ ಮಾಡುವುದೂ ಇಲ್ಲ, ತಡೆಯುವುದೂ ಇಲ್ಲ. ಸುಮ್ಮನೆ ಮುಂದೆ ಸಾಗುತ್ತದೆ. ಅತಿಥಿ ಕೆಲಸ ಆಯಿತೆಂದು ನಂಬಿ ದಾರಿ ತಪ್ಪುತ್ತದೆ. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಇಂತಹ ಆದೇಶಗಳನ್ನು ಓಡುವಾಗಲೇ ಹುಡುಕಿ, ಬದಲಿ ಆದೇಶಗಳನ್ನು ಇಟ್ಟು ತೊಡಕನ್ನು ಬಿಡಿಸಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರ್‌ನಲ್ಲೇ ಇದಕ್ಕೆ ಅನುಕೂಲ ಕಲ್ಪಿಸಿದವು.

ಒಂದು ಮಿತಿಯನ್ನು ನೆನಪಿಡಿ. ಅತಿಥಿ ಮತ್ತು ಆತಿಥೇಯ ಒಂದೇ ಬಗೆಯ ಪ್ರೊಸೆಸರ್ ಭಾಷೆಯವಾಗಿರಬೇಕು. ಆಪಲ್ 2020ರಿಂದ ತನ್ನ ಮ್ಯಾಕ್‌ಗಳಲ್ಲಿ ಬಳಸತೊಡಗಿದ ಎಆರ್‌ಎಂ ಬಗೆಯ ಪ್ರೊಸೆಸರ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಹೀಗೆ ಓಡಿಸಲಾಗದು. ಅಲ್ಲಿ ಪ್ರತಿ ಆದೇಶವನ್ನೂ ಅನುವಾದಿಸಬೇಕು. ಅದು ಎಮ್ಯುಲೇಷನ್, ಬಹಳ ನಿಧಾನ.

ನೀವೇ ಮಾಡಿ ನೋಡಿ

ವರ್ಚುವಲ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದನ್ನು ಅಳವಡಿಸಿ, ಹೊಸ ಕಲ್ಪಿತ ಗಣಕವೊಂದನ್ನು ಸೃಷ್ಟಿಸಿ. ಎಕ್ಸ್‌ಪಿಗೆ 512 ಎಂಬಿ ಸ್ಮೃತಿ ಸಾಕು. ಗಣಕ ತಕರಾರು ಮಾಡಿದರೆ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಸೌಲಭ್ಯ ಚಾಲನೆಯಲ್ಲಿದೆಯೇ ನೋಡಿ. ಅತಿಥಿ ವಿಂಡೋಸ್‌ಗೂ ಪರವಾನಗಿ ಬೇಕೆಂಬುದನ್ನು ಮರೆಯಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಭದ್ರತಾ ನೆರವು 2014ರ ಏಪ್ರಿಲ್‌ನಲ್ಲೇ ನಿಂತಿದೆ. ಆದ್ದರಿಂದ ಅತಿಥಿಗೆ ಅಂತರಜಾಲದ ಸಂಪರ್ಕ ಕೊಡಬೇಡಿ.

ಅತಿಥಿಯ ಇಡೀ ಹಾರ್ಡ್‌ಡಿಸ್ಕ್ ಆತಿಥೇಯನ ಪಾಲಿಗೆ ಒಂದು ದೊಡ್ಡ ಕಡತವಷ್ಟೇ. ಅದರ ಪ್ರತಿ ತೆಗೆದಿಟ್ಟರೆ, ಈ ಗಣಕ ಕೆಟ್ಟರೂ ಇನ್ನೊಂದರಲ್ಲಿ ಹಳೆಯ ವ್ಯವಸ್ಥೆ ಮತ್ತೆ ಎದ್ದು ನಿಲ್ಲುತ್ತದೆ. 'ಸ್ನ್ಯಾಪ್‌ಶಾಟ್' ತೆಗೆದುಕೊಂಡು ವಿದ್ಯಾರ್ಥಿಗಳಿಗೆ ಪ್ರಯೋಗಕ್ಕೂ ಬಿಡಬಹುದು. ವ್ಯವಸ್ಥೆಯ ಕಡತವೊಂದನ್ನು ಅವರು ಅಳಿಸಿ, ಏನಾಗುವುದೆಂದು ನೋಡಲಿ. ಬಳಿಕ ಒಂದೆರಡು ಕ್ಲಿಕ್‌ನಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು.

ಹಳೆಯ ಕಡತ ತೆರೆಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಪರಿವರ್ತಕ ತಂತ್ರಾಂಶದ ನೆರವಿನಿಂದ ಬರಹವನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ಅತಿಥಿಯಲ್ಲಿ ಕಾಣುವ ಮೂಲದೊಡನೆ ಹೋಲಿಸಿ ನೋಡಿ. ಕಲ್ಪಿತ ಗಣಕ ಹೊಳೆ ದಾಟಿಸುವ ದೋಣಿ. ದಾಟಿದ ಮೇಲೆ ನಿಮ್ಮ ಬರಹ ಯಾವುದೇ ಒಂದು ವ್ಯವಸ್ಥೆಯ ಹಂಗಿಲ್ಲದೆ ಉಳಿಯಬೇಕು.