ಹಳೆಯ ಜೀಪಿನ ಹೊಗೆ

ಮಲೆನಾಡಿನ ತೋಟದ ಮನೆಗಳಲ್ಲಿ ಬಂಧುಗಳು ಪರಸ್ಪರ ಕ್ಷೇಮಸಮಾಚಾರ ವಿಚಾರಿಸುವಾಗ ದನಕರುಗಳ ಜೊತೆಗೆ ಜೀಪಿನ ಯೋಗಕ್ಷೇಮವನ್ನೂ ಕೇಳುವ ವಾಡಿಕೆಯುಂಟು. ಮಳೆಗಾಲದ ಕೆಸರಿನಲ್ಲಿ ಬೇರಾವ ವಾಹನವೂ ಏರಲಾರದ ಏರನ್ನು ಏರಿ, ಗೊಬ್ಬರದ ಮೂಟೆ ಮೊದಲುಗೊಂಡು ಹೆರಿಗೆಗೆ ಹೊರಟ ಹೆಣ್ಣುಮಗಳವರೆಗೆ ಎಲ್ಲವನ್ನೂ ಎಲ್ಲರನ್ನೂ ಹೊತ್ತು ಸಾಗಿಸುವುದು ಅದೇ ತಾನೆ! ನಮ್ಮ ತೀರ್ಥರೂಪರು 1988ರಲ್ಲಿ ಕೊಂಡ ಮಹೀಂದ್ರ ಜೀಪು ಇಂದಿಗೂ ನಮ್ಮ ಅಂಗಳದಲ್ಲಿದೆ. ಫ್ರಾನ್ಸ್ ದೇಶದ ಪೂಜೊ ಸಂಸ್ಥೆಯ ವಿನ್ಯಾಸದ 2112 ಸಿ.ಸಿ. ಡೀಸೆಲ್ ಎಂಜಿನು ಅದರದು. ತಂದೆಯವರು ಲಿಂಗೈಕ್ಯರಾಗಿ ಬಹುಕಾಲವಾದರೂ ಊರಿನವರು ಅದನ್ನು ಈಗಲೂ ಅವರ ಜೀಪೆಂದೇ ಕರೆಯುತ್ತಾರೆ.

ಖಾಸಗಿ ವಾಹನದ ನೋಂದಣಿಗೆ 15 ವರ್ಷಗಳ ಅವಧಿ. ಆನಂತರ ವಾಹನವು ಯೋಗ್ಯಸ್ಥಿತಿಯಲ್ಲಿದೆಯೆಂದು ಸಾರಿಗೆ ಅಧಿಕಾರಿಗಳು ಪರೀಕ್ಷಿಸಿ ಒಪ್ಪಿದರೆ ಐದೈದು ವರ್ಷಗಳಿಗೆ ನವೀಕರಿಸಿಕೊಡುತ್ತಾರೆ. 15 ವರ್ಷ ತುಂಬಿದೊಡನೆ ಗುಜರಿಗೆ ಹಾಕಲೇಬೇಕೆಂದು ನಂಬಿ, ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಮೂರು ಕಾಸಿಗೆ ಮಾರಿದವರನ್ನು ನಾನು ಬಲ್ಲೆ. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ತಡೆಯುವಂತೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ಆದೇಶದ ಸುದ್ದಿಯು ಬಾಯಿಂದ ಬಾಯಿಗೆ ಹರಡಿ ನಮ್ಮ ಊರುಗಳನ್ನು ತಲುಪುವಷ್ಟರಲ್ಲಿ ಈ ರೂಪ ತಾಳಿತ್ತು.

ನಮ್ಮ ಜೀಪಿನ ನವೀಕರಣದ ಅವಧಿ ಮತ್ತೆ ಬಂದದ್ದು 2023ರಲ್ಲಿ. ಅದಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರ ಇರಲೇಬೇಕು. ಎಲ್ಲರ ಬಾಯಲ್ಲೂ ಅದು 'ಎಮಿಷನ್ ಟೆಸ್ಟ್'. ಬಿ.ಎಸ್.-4 ಮತ್ತು ಅದಕ್ಕೆ ಈಚಿನ ಮಟ್ಟದ ವಾಹನಗಳಿಗೆ ಈ ಪತ್ರ ಒಂದು ವರ್ಷ ನಡೆಯುತ್ತದೆ. ನಮ್ಮಂಥ ಹಳೆಯ ಗಾಡಿಗಳಿಗೆ ಆರೇ ತಿಂಗಳು. ಪತ್ರವಿಲ್ಲದೆ ಸಿಕ್ಕಿಬಿದ್ದರೆ 10,000 ರೂಪಾಯಿಗಳವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಅವಕಾಶ ನೀಡಿದೆ.

ತಪಾಸಣೆಯ ಕ್ರಮ ಬಹು ಸರಳ. ಎಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಹೊಗೆಕೊಳವೆಯೊಳಗೆ ಒಂದು ನಳಿಗೆಯನ್ನು ತೂರಿಸಿ, ಗೇರು ಹಾಕದೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿಯಾಗಿ ಒತ್ತುತ್ತಾರೆ. ಹೀಗೆ ಹಲವು ಬಾರಿ ಮಾಡಿ ಸರಾಸರಿ ತೆಗೆಯುತ್ತಾರೆ. ಯಂತ್ರದೊಳಗೆ ಬೆಳಕಿನ ಕಿರಣವೊಂದು ಆ ಹೊಗೆಯನ್ನು ಹಾದುಹೋಗುತ್ತದೆ. ಸುಮಾರು 43 ಸೆಂಟಿಮೀಟರು ದಪ್ಪದ ಹೊಗೆಯಲ್ಲಿ ನೂರಕ್ಕೆ 65 ಪಾಲು ಬೆಳಕು ಅಡಗಿದರೆ ಅದು 65 ಹಾರ್ಟ್‌ರಿಜ್ ಅಂಕ. ನಮ್ಮ ಜೀಪಿನ ಕಾಲದ ಡೀಸೆಲ್ ವಾಹನಗಳಿಗೆ ವಿಧಿಸಿರುವ ಮಿತಿ ಅದೇ. ಬಿ.ಎಸ್.-4 ವಾಹನಗಳಿಗಾದರೆ 50. ಎಂದಮೇಲೆ ಹಳೆಯ ಗಾಡಿ ಹೊಸದರಂತೆ ಉಸಿರಾಡಲಿ ಎಂದು ಕಾನೂನು ಕೇಳುತ್ತಿಲ್ಲ; ತನ್ನ ಪ್ರಾಯಕ್ಕೆ ತಕ್ಕಷ್ಟಾದರೂ ಶುಚಿಯಾಗಿರಲಿ ಎನ್ನುತ್ತಿದೆ.

ನಮ್ಮದು ತೋರಿಸಿದ ಅಂಕ 80. ಯಂತ್ರ ನಡೆಸುತ್ತಿದ್ದ ಹುಡುಗ ಮುಖ ತಿರುಗಿಸಿಕೊಂಡು ಕೆಮ್ಮಿದ. ಬಳಿಕ ದನಿ ತಗ್ಗಿಸಿ, "ಇನ್ನಷ್ಟು ಕೊಡಿ ಯಜಮಾನ್ರೆ, ನಳಿಗೆ ಹಾಕದೇನೇ ಚೀಟಿ ತೆಗೆದುಕೊಡ್ತೀನಿ" ಎಂದ. ಸತ್ಯ ಹೇಳುವುದಾದರೆ ನನ್ನ ಕೈ ಜೇಬಿನವರೆಗೆ ಹೋಗಿತ್ತು. ಜೊತೆಗೆ ಬಂದಿದ್ದ ಸೊಸೆ, "ಮಾವ, ಚೀಟಿ ಸಿಗುತ್ತೆ. ಆದರೆ ಹಿಂದಿನ ಸೀಟಲ್ಲಿ ಕೂತು ಸ್ಕೂಲಿಗೆ ಹೋಗೋದು ನಮ್ಮ ಮಗು ಅಲ್ವಾ?" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೊಮ್ಮಗಳು ಆ ವರ್ಷವಿಡೀ ಕೆಮ್ಮುತ್ತಿದ್ದಳು. ಅದಕ್ಕೆ ಜೀಪೇ ಕಾರಣವೆಂದು ವೈದ್ಯರು ಹೇಳಿರಲಿಲ್ಲ, ನಿಜ. ಆದರೆ ಹಿಂಬದಿ ತೆರೆದ ಕ್ಯಾನ್ವಾಸು ಹೊದಿಕೆಯ ಗಾಡಿ ಮುಂದಕ್ಕೆ ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ತಾನೇ ಬಿಟ್ಟ ಹೊಗೆಯನ್ನು ತಾನೇ ಒಳಕ್ಕೆಳೆದುಕೊಳ್ಳುತ್ತದೆ. ಆ ಹೊಗೆ ಮೊದಲು ಮುಟ್ಟುವುದು ಹಿಂದೆ ಕುಳಿತ ಮಕ್ಕಳನ್ನು, ಆಳುಗಳನ್ನು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಘೋಷಿಸಿದೆ.

ಜೀಪನ್ನು ಹಿಂದಕ್ಕೆ ತಿರುಗಿಸಿ ನಮ್ಮ ಹಳೆಯ ಮೆಕ್ಯಾನಿಕ್ ಸಾಬರ ಬಳಿಗೆ ಒಯ್ದೆವು. ಅವರು ಬಾನೆಟ್ಟು ತೆರೆಯುವ ಮೊದಲು ಹೊಗೆಯ ಬಣ್ಣ ನೋಡಿದರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಪಿಸ್ಟನ್ ರಿಂಗು, ವಾಲ್ವು ಸವೆದಿರಬಹುದು, ಖರ್ಚು ದೊಡ್ಡದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹಾಗೆಯೇ ಹೊರಬರುತ್ತಿದೆ, ಇಲ್ಲವೇ ನೀರು ಒಳಗೆ ಸೇರಿದೆ. ಕಪ್ಪು ಹೊಗೆಯಾದರೆ ಎಂಜಿನಿಗೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ. ನಮ್ಮದು ಕಾಡಿಗೆಯಂಥ ಕಪ್ಪು. "ಇದು ರೋಗ ಅಲ್ಲ ಯಜಮಾನ್ರೆ, ಅಜೀರ್ಣ" ಎಂದು ಸಾಬರು ನಕ್ಕರು.

ಮೊದಲು ನೋಡಿದ್ದು ಗಾಳಿಯ ದಾರಿ. ಹಳೆಯ ಜೀಪುಗಳಲ್ಲಿ ಗಾಳಿ ಶೋಧಿಸಲು ಕಾಗದದ ಫಿಲ್ಟರಿನ ಬದಲು ಎಣ್ಣೆಯ ಬಟ್ಟಲಿರುತ್ತದೆ. ಧೂಳು ಆ ಎಣ್ಣೆಗೆ ಅಂಟಿ ಉಳಿಯುತ್ತದೆ. ನಮ್ಮ ಬಟ್ಟಲನ್ನು ಬಿಚ್ಚಿದಾಗ ಎಣ್ಣೆಯ ಜಾಗದಲ್ಲಿ ಗಟ್ಟಿ ರಾಡಿಯಿತ್ತು. ಎಷ್ಟು ಕಾಲದಿಂದ ಅದನ್ನು ತೊಳೆದಿರಲಿಲ್ಲವೆಂದು ಸಾಬರು ಕೇಳಿದರು, ನಾನು ಹೇಳಲಿಲ್ಲ. ಅದನ್ನು ತೊಳೆದು ಹೊಸ ಎಣ್ಣೆ ಹಾಕುವುದಕ್ಕೆ ಅರ್ಧ ತಾಸು ಸಾಕಾಯಿತು.

ನಂತರ ಇಂಜೆಕ್ಟರುಗಳು. ಚೆನ್ನಾಗಿರುವ ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸಬೇಕು. ಕೈಯಿಂದ ಒತ್ತುವ ಪರೀಕ್ಷಾ ಯಂತ್ರಕ್ಕೆ ಜೋಡಿಸಿ ನೋಡಿದರೆ ನಾಲ್ಕರಲ್ಲಿ ಎರಡು ನಾಜಲ್‌ಗಳು ತೊಟ್ಟಿಕ್ಕುತ್ತಿದ್ದವು. ಹನಿಹನಿಯಾಗಿ ಬಿದ್ದ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ನಾಲ್ಕನ್ನೂ ಬದಲಿಸಿದೆವು.

ನಿಜವಾದ ತಪ್ಪು ಇದ್ದದ್ದು ಪಂಪಿನಲ್ಲಿ. ಡೀಸೆಲ್ ಪಂಪನ್ನು ನಮ್ಮ ಕಡೆ ಮೈಕೋ ಪಂಪೆಂದೇ ಕರೆಯುವುದು ರೂಢಿ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಾರ್ಖಾನೆ 2008ರಿಂದ ಬಾಷ್ ಲಿಮಿಟೆಡ್ ಎಂಬ ಹೆಸರು ತಳೆದರೂ ಜನರ ನಾಲಗೆಯ ಮೇಲೆ ಇನ್ನೂ ಮೈಕೋ ಆಗಿಯೇ ಉಳಿದಿದೆ. ಎಂಜಿನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬಹುದೆಂಬುದನ್ನು ಗೊತ್ತುಮಾಡುವ ತಿರುಪೊಂದು ಆ ಪಂಪಿನಲ್ಲಿರುತ್ತದೆ. ಯಾರೂ ಮುಟ್ಟದಿರಲೆಂದು ಅದಕ್ಕೆ ಸೀಲು ಹಾಕಿರುತ್ತಾರೆ. ನಮ್ಮ ಪಂಪಿನ ಸೀಲು ಒಡೆದಿತ್ತು. ಹತ್ತಾರು ವರ್ಷಗಳ ಹಿಂದೆ ಮೂಟೆ ಹೇರಿಕೊಂಡು ಏರು ಹತ್ತಲಾರದೆ ಜೀಪು ಏದುಸಿರು ಬಿಟ್ಟಾಗ ಯಾವುದೋ ಗ್ಯಾರೇಜಿನವರಿಂದ ಆ ತಿರುಪನ್ನು ತಿರುಗಿಸಿ ಹೆಚ್ಚು ಡೀಸೆಲ್ ಬಿಡಿಸಿದವನು ನಾನೇ. ಹಳೆಯ ವಾಹನ, ವಯಸ್ಸಾಗಿದೆ, ಹೊಗೆ ಬರುವುದು ಸಹಜ ಎಂದು ಕಂಡವರಿಗೆಲ್ಲ ಸಮಜಾಯಿಷಿ ಹೇಳಿಕೊಂಡು ಬಂದವನೂ ನಾನೇ.

ಇಲ್ಲೊಂದು ಮಾತು ಹೇಳಬೇಕು. ತಪಾಸಣೆಯ ಹಿಂದಿನ ದಿನ ಇದೇ ತಿರುಪನ್ನು ಬಿಗಿಮಾಡಿಸಿ, ಚೀಟಿ ಕೈಗೆ ಬಂದೊಡನೆ ಮತ್ತೆ ಸಡಿಲಿಸುವ ಉಪಾಯ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಸಾಬರೂ ಬಲ್ಲರು. ಆದರೆ ಅವರು ಪಂಪನ್ನೇ ಕಳಚಿ ಕ್ಯಾಲಿಬ್ರೇಷನ್ ಮಾಡುವ ಅಂಗಡಿಗೆ ಕಳಿಸಿದರು. ಪ್ರತಿಯೊಂದು ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತಿದೆಯೆಂದು ಗಾಜಿನ ಅಳತೆ ನಳಿಗೆಗಳಲ್ಲಿ ಅಲ್ಲಿ ಕಣ್ಣಾರೆ ಕಾಣುತ್ತದೆ. ನಾಲ್ಕು ನಳಿಗೆಗಳಲ್ಲಿ ನಾಲ್ಕು ಮಟ್ಟವಿದ್ದುದನ್ನು ಸಮಮಾಡಿ, ತಿರುಪನ್ನು ಮೊದಲಿನ ಅಳತೆಗೆ ತಂದು, ಹೊಸ ಸೀಲು ಬಿಗಿದು ಕಳಿಸಿದರು. ಪಂಪನ್ನು ಮರಳಿ ಕೂರಿಸುವಾಗ ಟೈಮಿಂಗನ್ನೂ ಟ್ಯಾಪೆಟ್ಟುಗಳ ಸಂದನ್ನೂ ಸರಿಪಡಿಸಿದ್ದಾಯಿತು. ಇದರ ಖರ್ಚು ಆ ಹುಡುಗ ಕೇಳಿದ್ದಕ್ಕಿಂತ ಬಹುಪಾಲು ಹೆಚ್ಚಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಷ್ಟೆಲ್ಲ ಮಾಡಿಯೂ ಎಂಜಿನ್ನೇ ಸವೆದಿದ್ದರೆ ಫಲ ಸಿಗುತ್ತಿರಲಿಲ್ಲ. ಆದ್ದರಿಂದ ಹಣ ಹಾಕುವ ಮೊದಲು ಕಂಪ್ರೆಷನ್ ನೋಡಿಸಿಕೊಳ್ಳುವುದು ಲೇಸು.

ಎಂಟು ದಿನಗಳ ತರುವಾಯ ಬೇರೊಂದು ಕೇಂದ್ರಕ್ಕೆ ಹೋದೆವು. ಎಂಜಿನು ಚೆನ್ನಾಗಿ ಬಿಸಿಯಾಗಲೆಂದು ಸಾಬರು ಬೇಕೆಂದೇ ಸುತ್ತುದಾರಿಯಲ್ಲಿ ಓಡಿಸಿದರು. ತಣ್ಣಗಿರುವ ಎಂಜಿನು ಸಹಜಕ್ಕಿಂತ ಹೆಚ್ಚು ಹೊಗೆಯಾಡುತ್ತದೆಂಬುದನ್ನು ತಿಳಿಯದೆ ಎಷ್ಟೋ ಮಂದಿ ಪಕ್ಕದ ಬೀದಿಯಿಂದ ನೇರವಾಗಿ ಬಂದು ಸುಮ್ಮನೆ ಸೋಲುತ್ತಾರೆ. ನಳಿಗೆ ಒಳಹೋಯಿತು. ಆಕ್ಸಿಲರೇಟರ್ ಒತ್ತಿದಾಗೆಲ್ಲ ನಾನು ಹೊಗೆಕೊಳವೆಯನ್ನು ನೋಡಿದೆ. ಸೊಸೆ ಯಂತ್ರದ ಪರದೆಯನ್ನು ನೋಡುತ್ತಿದ್ದಳು. ಬಂದ ಅಂಕ 56. ನೋಂದಣಿ ಮತ್ತೆ ಐದು ವರ್ಷಗಳಿಗೆ ನವೀಕರಣವಾಯಿತು.

ಮನೆಗೆ ಮರಳಿದ ಮೇಲೆ ಮಗ ಒಂದು ದೂರು ಹೇಳಿದ. ಜೀಪಿಗೆ ಮೊದಲಿನ ಎಳೆತವಿಲ್ಲ, ತುಂಬಿದ ಹೇರಿನೊಂದಿಗೆ ಗುಡ್ಡದ ತಿರುವಿನಲ್ಲಿ ಒಂದನೆಯ ಗೇರಿಗೂ ನಿಂತುಬಿಡುತ್ತದೆ, ತಿರುಪನ್ನು ಚೂರು ತಿರುಗಿಸಿಸಿದರೆ ಹೇಗೆ ಎಂದು. ಅವನ ಮಾತು ಸುಳ್ಳಲ್ಲ. ಸೊಸೆ ಅವನ ಮುಖ ನೋಡಿದಳು, ಮಾತಾಡಲಿಲ್ಲ. ಈಗ ಗೊಬ್ಬರದ ಮೂಟೆಗಳನ್ನು ಎರಡು ಸಲಕ್ಕೆ ಸಾಗಿಸುತ್ತಿದ್ದೇವೆ.