ಅನೈಹಿಲೇಷನ್: ಅಳಿಯಬೇಕಾದದ್ದು ಯಾವುದು?

‘ಅನೈಹಿಲೇಷನ್’ ಎಂಬ ಇಂಗ್ಲಿಷ್ ಪದ ಯುದ್ಧದ ಸುದ್ದಿಗಳಲ್ಲೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಸೈನ್ಯವನ್ನೋ ಊರನ್ನೋ ಹೇಳಹೆಸರಿಲ್ಲದಂತೆ ಮಾಡುವುದು ಅದರ ರೂಢಿಯ ಅರ್ಥ. ಅಂಬೇಡ್ಕರ್ ಈ ಪದವನ್ನು ‘ಅನೈಹಿಲೇಷನ್ ಆಫ್ ಕಾಸ್ಟ್’ ಎಂದು ಕೃತಿಯ ಹೆಸರಿಗೇ ತಂದದ್ದರಿಂದ, ಅದು ಮೇಲ್ಜಾತಿಯವರ ಮೇಲೆ ದ್ವೇಷ ಕಾರುವ ಪುಸ್ತಕವೆಂದು ಹಲವರು ನಂಬಿದ್ದಾರೆ. ಪುಸ್ತಕ ಹೇಳುವುದು ಬೇರೆಯೇ. ಜಾತಿ ಪಾಲಿಸುವವರು ಕ್ರೂರಿಗಳೆಂದು ಅಂಬೇಡ್ಕರ್ ಅಲ್ಲಿ ಹೇಳುವುದಿಲ್ಲ. ಅವರು ಧರ್ಮಭೀರುಗಳು, ಶಾಸ್ತ್ರ ವಿಧಿಸಿದೆ ಎಂದು ಪಾಲಿಸುತ್ತಾರೆ, ಆದ್ದರಿಂದ ತೊಲಗಬೇಕಾದದ್ದು ಶಾಸ್ತ್ರದ ಆ ಅಧಿಕಾರ ಎಂಬುದು ಅವರ ವಾದ.

ಅದು ಲಾಹೋರಿನಲ್ಲಿ ಮಾಡಿದ ಭಾಷಣ ಎಂಬ ಮಾತೂ ಸರಿಯಲ್ಲ. ಆ ಭಾಷಣ ನಡೆಯಲೇ ಇಲ್ಲ. 1936ರ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆದದ್ದು ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ. ಅದು ಜಾತಿ ಮುರಿಯಲೆಂದೇ ಹುಟ್ಟಿದ ಸುಧಾರಕರ ಸಂಘ. ಆದರೆ ಭಾಷಣದ ಪ್ರತಿ ಓದಿದಾಗ ಆ ಸುಧಾರಕರೇ ಅಳುಕಿದರು. ವೇದಗಳ ಕುರಿತ ಮಾತುಗಳನ್ನು ಕೈಬಿಡುವಂತೆ ಪತ್ರ ಬರೆದರು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಎಂದರು ಅಂಬೇಡ್ಕರ್. ಸಮ್ಮೇಳನ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆಕ್ಷೇಪಿಸಿ ಬರೆದಾಗ, ಆ ಲೇಖನವನ್ನೂ ತಮ್ಮ ಉತ್ತರವನ್ನೂ ಸೇರಿಸಿ 1937ರಲ್ಲಿ ಎರಡನೆಯ ಮುದ್ರಣ ತಂದರು. ಎದುರಾಳಿಯ ಮಾತಿಗೆ ತನ್ನ ಪುಸ್ತಕದಲ್ಲೇ ಜಾಗ ಕೊಡುವ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಸಹಭೋಜನ ಮಾಡಿದರೆ ಜಾತಿ ಹೋಯಿತು ಎಂದು ನಂಬುವವರು ಇಂದಿಗೂ ಇದ್ದಾರೆ. ಒಟ್ಟಿಗೆ ಉಂಡೆದ್ದು ಹೋದಮೇಲೂ ಜಾತಿ ಇದ್ದಲ್ಲೇ ಇರುತ್ತದೆ ಎಂಬುದನ್ನು ಅಂಬೇಡ್ಕರ್ ಆಗಲೇ ಕಂಡಿದ್ದರು. ರಕ್ತ ಬೆರೆಸುವ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದರು. ಆದರೆ ಜನ ಅದಕ್ಕೇಕೆ ಮುಂದಾಗುವುದಿಲ್ಲ ಎಂದು ಕೇಳಿಕೊಂಡಾಗ ಮತ್ತೆ ಶಾಸ್ತ್ರದ ಬಾಗಿಲಿಗೇ ಬಂದು ನಿಂತರು.

ಅವರು ಧರ್ಮವೇ ಬೇಡವೆಂದರು ಎಂಬ ಆರೋಪವೂ ಇಲ್ಲಿ ಬಿದ್ದುಹೋಗುತ್ತದೆ. ಕಟ್ಟಳೆಗಳ ಧರ್ಮ ಹೋಗಬೇಕು, ತತ್ವಗಳ ಧರ್ಮ ಬರಬೇಕು ಎಂದ ಅವರು, ಅದಕ್ಕೆ ಬೇಕಾದ ತತ್ವಗಳು ಉಪನಿಷತ್ತುಗಳಲ್ಲೂ ಸಿಕ್ಕಾವು ಎಂದರು. ಪೌರೋಹಿತ್ಯ ವಂಶಪಾರಂಪರ್ಯವಾಗಿ ಬರಬಾರದು. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸನದು ಪಡೆದ ಯಾವ ಹಿಂದೂವಾದರೂ ಪುರೋಹಿತನಾಗುವಂತಿರಬೇಕು ಎಂದು ಸೂಚಿಸಿದರು.