ಪಾಲಿಸಿ ಇಲ್ಲದಿದ್ದರೂ ಹೊಣೆ ತಪ್ಪದು

ಸ್ಲ್ಯಾಬ್ ಹಾಕುವ ದಿನ ಮಾನ್ವಿ ಸೀಮೆಯ ಯಾವ ಊರಿಗೆ ಹೋದರೂ ಕಾಣುವ ನೋಟ ಹೆಚ್ಚುಕಮ್ಮಿ ಒಂದೇ. ಮಿಕ್ಸರ್‌ಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಸಂಜೆ ಮಾಲೀಕ ಕೆಲಸದವರಿಗೆಲ್ಲ ಊಟ ಹಾಕಿಸುತ್ತಾನೆ. ಹಿರೇಕೊಟ್ನೆಕಲ್‌ನಲ್ಲೂ ಇದೇ, ದೇವದುರ್ಗದಲ್ಲೂ ಇದೇ, ರಾಯಚೂರಿನ ಹೊಸ ಬಡಾವಣೆಗಳಲ್ಲೂ ಇದೇ. ಕಾಯಿ ಒಡೆಯುವುದನ್ನು ಯಾರೂ ಮರೆಯುವುದಿಲ್ಲ. ಸೆಂಟ್ರಿಂಗ್ ಮೇಲೆ ಹತ್ತಿದ ಗೌಂಡಿಗೆ, ತಲೆ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳಿಗೆ ವಿಮೆ ಇದೆಯೇ ಎಂದು ಕೇಳುವವರು ಮಾತ್ರ ಅಪರೂಪ. ಕೇಳಿದರೆ ಬರುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಸಣ್ಣ ಕೆಲಸರೀ ಇದು. ಪಾಲಿಸಿ ಗೀಲಿಸಿ ಎಲ್ಲಾ ಬೆಂಗಳೂರು ಕಂಪನಿಯವರಿಗೆ."

ಈ ಮಾತಿನೊಳಗೆ ಎರಡು ತಪ್ಪುಗಳಿವೆ. ಪಾಲಿಸಿ ಮಾಡಿಸದಿದ್ದರೆ ಪರಿಹಾರ ಕೊಡುವ ಹೊಣೆಯೂ ಇಲ್ಲ ಎಂಬುದು ಒಂದು. ಕಾಯ್ದೆ ಇರುವುದು ದೊಡ್ಡವರಿಗೆ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿ ಮುಳುಗಿದವರಲ್ಲಿ ಗುತ್ತಿಗೆದಾರರೇ ಹೆಚ್ಚು.

ಕಾರ್ಮಿಕರ ಪರಿಹಾರ ಕಾಯ್ದೆ ಹುಟ್ಟಿದ್ದು 1923ರಲ್ಲಿ. ಆಗ ರಾಯಚೂರು ನಿಜಾಮರ ಸಂಸ್ಥಾನದಲ್ಲಿತ್ತು, ಬ್ರಿಟಿಷ್ ಇಂಡಿಯಾದ ಕಾಯ್ದೆ ಇಲ್ಲಿಗೆ ತಲುಪಲು ಕಾಲ ಹಿಡಿಯಿತು. 2009ರ ತಿದ್ದುಪಡಿಯಲ್ಲಿ ಅದರ ಹೆಸರು 'ನೌಕರರ ಪರಿಹಾರ ಕಾಯ್ದೆ' ಎಂದಾಯಿತು. 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಹಳೆಯ ಕಾಯ್ದೆಯ ಸಾರವೆಲ್ಲ ಅದರ 7ನೇ ಅಧ್ಯಾಯಕ್ಕೆ ಸೇರಿದೆ. ಹೆಸರು ಎಷ್ಟು ಸಲ ಬದಲಾದರೂ ತಿರುಳು ಬದಲಾಗಿಲ್ಲ: ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಪರಿಹಾರ ಕೊಡಬೇಕಾದವನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕ. ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲಿ ಮೊದಲು ಬರುವುದಿಲ್ಲ. ವಿಮೆ ಎಂಬುದು ಆ ಹೊಣೆಯನ್ನು ಪ್ರೀಮಿಯಂ ಕೊಟ್ಟು ಕಂಪನಿಯ ಹೆಗಲಿಗೆ ದಾಟಿಸುವ ವ್ಯವಸ್ಥೆ. ದಾಟಿಸದಿದ್ದರೆ ಹೊಣೆ ಇದ್ದಲ್ಲೇ ಇರುತ್ತದೆ, ಅಂದರೆ ಗುತ್ತಿಗೆದಾರನ ಹೊಲ, ಮನೆ, ಟ್ರ್ಯಾಕ್ಟರ್‌ಗಳ ಮೇಲೆ.

ಹೊಣೆ ಎಷ್ಟು ಭಾರ ಎಂಬುದು ಲೆಕ್ಕ ಹಾಕಿದಾಗಲೇ ತಿಳಿಯುವುದು. 35 ವರ್ಷದ ಗೌಂಡಿ, ದಿನಕ್ಕೆ 700 ರೂಪಾಯಿ, ತಿಂಗಳಿಗೆ 26 ದಿನ ಕೆಲಸ ಎಂದಿಟ್ಟುಕೊಳ್ಳಿ. 18,200 ಆಯಿತು. ಆದರೆ 2020ರ ಜನವರಿ 3ರ ಅಧಿಸೂಚನೆಯ ಪ್ರಕಾರ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ತಿಂಗಳ ಕೂಲಿ 15,000. ಸಾವಾದರೆ ಅದರ ಅರ್ಧ, 7,500. ಅದನ್ನು ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟಿರುವ 197.06 ಎಂಬ ಅಂಕಿಯಿಂದ ಗುಣಿಸಬೇಕು. ಬರುವ ಮೊತ್ತ 14,77,950 ರೂಪಾಯಿ. ವಯಸ್ಸು ಕಡಿಮೆಯಾದಷ್ಟೂ ಗುಣಕ ದೊಡ್ಡದಾಗುತ್ತದೆ, ದುಡಿಯಬೇಕಿದ್ದ ವರ್ಷಗಳು ಹೆಚ್ಚೆಂಬ ಕಾರಣಕ್ಕೆ. ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ಅರ್ಧದ ಬದಲು ಶೇಕಡ 60 ಹಿಡಿಯುತ್ತಾರೆ. ಆಸ್ಪತ್ರೆಯ ನಿಜವಾದ ಖರ್ಚು ಇದರ ಮೇಲೆ ಬೇರೆ.

ಒಂದು ಹೆಬ್ಬೆರಳು ಹೋದರೆ? ಗಾಯಗಳ ಪಟ್ಟಿಯಲ್ಲಿ ಅದಕ್ಕೆ ಶೇಕಡ 30ರಷ್ಟು ದುಡಿಮೆಯ ನಷ್ಟ ಎಂದಿದೆ. 25ರ ಹುಡುಗನಿಗೆ, ಅದೇ 15,000 ಕೂಲಿಗೆ, 5,85,657 ರೂಪಾಯಿ. ಕಬ್ಬಿಣ ಕತ್ತರಿಸುವ ಯಂತ್ರದ ಮುಂದೆ ಕೈಗವಸಿಲ್ಲದೆ ಕೂತ ಹುಡುಗರ ಬಗ್ಗೆ ಯೋಚಿಸುವಾಗ ಈ ಅಂಕಿ ನೆನಪಿರಲಿ.

ಹಾಗೆಂದು ಪಟ್ಟಿಯ ಶೇಕಡಾವಾರೇ ಕೊನೆಯ ಮಾತಲ್ಲ. 1968ರ ಜುಲೈನಲ್ಲಿ ಸಿನಿಮಾ ಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಂದೇ ಕೈಯಿಂದ ಬಡಗಿ ಕೆಲಸ ನಡೆಯದು, ಆದ್ದರಿಂದ ಅವನ ಮಟ್ಟಿಗೆ ಇದು ಪೂರ್ತಿ ನಷ್ಟವೇ ಎಂದು 1975ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಹೇಳಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದೇ ವಕೀಲರ ಬಾಯಲ್ಲಿರುವ ಈ ತೀರ್ಪು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು: ಪರಿಹಾರ ಸಲ್ಲಬೇಕಾದದ್ದು ಅಪಘಾತವಾದ ದಿನದಿಂದಲೇ, ಆದೇಶ ಬಂದ ದಿನದಿಂದ ಅಲ್ಲ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೂ ದಂಡ.

ಈಗ ಎಲ್ಲರೂ ಎತ್ತುವ ಆ ಮಾತು. "ಕುಡದು ಹತ್ತಿದ್ದ, ಅದಕ್ಕ ಬಿದ್ದ. ನಮಗೇನ್ ಸಂಬಂಧ?" ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಇಷ್ಟು ವರ್ಷ ಬಾಳಿದೆ. ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮೀರುವುದು, ಕೊಟ್ಟ ಬೆಲ್ಟು ಹೆಲ್ಮೆಟ್ಟುಗಳನ್ನು ಬೇಕೆಂದೇ ತೆಗೆದಿಡುವುದು, ಇವುಗಳಿಂದಲೇ ಗಾಯವಾದರೆ ಮಾಲೀಕನಿಗೆ ವಿನಾಯಿತಿ ಉಂಟು. ಆದರೆ ಆ ವಿನಾಯಿತಿ ಸಣ್ಣಪುಟ್ಟ ಮತ್ತು ಭಾಗಶಃ ಗಾಯಗಳಿಗೆ ಮಾತ್ರ. ಸಾವಾದರೆ, ಅಥವಾ ಶಾಶ್ವತವಾಗಿ ಪೂರ್ತಿ ದುಡಿಯದಂತಾದರೆ, ಕುಡಿದಿದ್ದ ಎಂಬ ವಾದದಿಂದ ಹೊಣೆ ಕಳೆಯುವುದಿಲ್ಲ. ಸತ್ತವನ ಹೆಂಡತಿಯ ಮುಂದೆ ನಿಂತು ಈ ಮಾತಾಡುವವರಿಗೆ ಕಾಯ್ದೆ ಗೊತ್ತಿಲ್ಲ. ಕೇಳಿಸಿಕೊಂಡು ಸುಮ್ಮನೆ ಏಳುವ ಕುಟುಂಬಕ್ಕೂ ಗೊತ್ತಿಲ್ಲ.

ದಿನಗೂಲಿಯವನು ನೌಕರನಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ ಎಂಬುದು ಇದರ ಬೆನ್ನಿಗೇ ಬರುವ ವಾದ. 'ಆಗೊಮ್ಮೆ ಈಗೊಮ್ಮೆ ಬರುವ ಕೆಲಸಗಾರ'ನನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ಕಾಯ್ದೆಯಿಂದ ತೆಗೆದುಹಾಕಲಾಗಿದೆ. ಹೆಸರು ಬರೆಯದಿದ್ದದ್ದು ಗುತ್ತಿಗೆದಾರನ ತಪ್ಪು. ಅವನಲ್ಲಿ ದುಡಿಯುತ್ತಿದ್ದ ಎಂಬುದನ್ನು ಪೊಲೀಸರ ಪಂಚನಾಮೆ, ಜೊತೆ ಕೆಲಸದವರ ಸಾಕ್ಷಿ, ಬಟವಾಡೆಯ ಚೀಟಿ ಹೇಳುತ್ತವೆ. ಈಗಂತೂ ಕೂಲಿ ಫೋನ್‌ಪೇಯಲ್ಲೇ ಬರುತ್ತದೆ. ಶನಿವಾರದ ಆ ಸಂದೇಶಗಳಿಗಿಂತ ಗಟ್ಟಿ ಹಾಜರಿ ಪುಸ್ತಕ ಇನ್ನೊಂದಿಲ್ಲ.

ಮುಂದಿನದು ಹೊಣೆ ಯಾರ ತಲೆಗೆ ಎಂಬ ಪ್ರಶ್ನೆ. ಸರಕಾರಿ ಕೆಲಸ ದೊಡ್ಡ ಗುತ್ತಿಗೆದಾರನಿಗೆ ಸಿಗುತ್ತದೆ, ಅವನು ತುಂಡು ಗುತ್ತಿಗೆಗೆ ಇನ್ನೊಬ್ಬನಿಗೆ ಕೊಡುತ್ತಾನೆ, ಅವನು ಮೇಸ್ತ್ರಿಗೆ ಒಪ್ಪಿಸುತ್ತಾನೆ, ಮೇಸ್ತ್ರಿ ಊರಿನಿಂದ ಜನ ತರುತ್ತಾನೆ. ಅಪಘಾತವಾದೊಡನೆ ಎಲ್ಲರ ಬೆರಳೂ ಕೆಳಗಿನವನ ಕಡೆ ತಿರುಗುತ್ತವೆ. ಕಾಯ್ದೆ ತಿರುಗುವುದು ಮೇಲಿನವನ ಕಡೆ. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನೇ ಪರಿಹಾರ ಕೊಡಬೇಕು, ಆಮೇಲೆ ಬೇಕಿದ್ದರೆ ಕೆಳಗಿನ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು ಎಂಬುದು 1923ರ ಕಾಯ್ದೆಯ 12ನೇ ಕಲಮು. ಪಂಚಾಯಿತಿಯ, ಇಲಾಖೆಯ ಕೆಲಸ 'ವ್ಯವಹಾರ' ಹೇಗಾಗುತ್ತದೆ ಎಂದು ವಾದಿಸುವುದಕ್ಕೂ ಜಾಗವಿಲ್ಲ. ಸ್ಥಳೀಯ ಸಂಸ್ಥೆಗಳ, ಸರಕಾರಿ ಇಲಾಖೆಗಳ ಕರ್ತವ್ಯವನ್ನೂ ವ್ಯವಹಾರವೆಂದೇ ಎಣಿಸಬೇಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು.

ಇಲ್ಲಿ ಮನೆ ಕಟ್ಟಿಸುವವರಿಗೂ ಒಂದು ಮಾತು. ಸ್ವಂತ ವಾಸಕ್ಕೆ ಮನೆ ಕಟ್ಟಲು ಗುತ್ತಿಗೆದಾರನಿಗೆ ಪೂರ್ತಿ ಒಪ್ಪಿಸಿದವರಿಗೆ ಈ 'ಮೂಲ ಮಾಲೀಕ'ನ ಹೊಣೆ ಸಾಮಾನ್ಯವಾಗಿ ಅಂಟುವುದಿಲ್ಲ, ಯಾಕೆಂದರೆ ಅದು ಅವರ ವ್ಯವಹಾರವಲ್ಲ. ಆದರೆ ನಾಲ್ಕು ದುಡ್ಡು ಉಳಿಸಲು ತಾವೇ ಗೌಂಡಿ ಹಿಡಿದು, ತಾವೇ ಕೂಲಿ ಹಂಚಿದರೆ ಮಾಲೀಕರೂ ತಾವೇ ಎನ್ನಿಸಿಕೊಳ್ಳುವ ಅಪಾಯವಿದೆ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗುವುದು ರಾಜಿಯಲ್ಲಿ. ಶವಪರೀಕ್ಷೆ ಮುಗಿದಿರುವುದಿಲ್ಲ, ಆಗಲೇ ಆಸ್ಪತ್ರೆಯ ಆವರಣದ ಬೇವಿನ ಮರದ ಕೆಳಗೆ ಮಾತು ಶುರುವಾಗುತ್ತದೆ. ಊರ ಹಿರಿಯರು ಎರಡು ಕಡೆಯವರನ್ನೂ ಕೂಡಿಸುತ್ತಾರೆ. ಒಂದು ಲಕ್ಷ, ಎರಡು ಲಕ್ಷ, ಮಣ್ಣಿನ ಖರ್ಚು ಬೇರೆ. ಛಾಪಾ ಕಾಗದದ ಮೇಲೆ 'ಇನ್ನು ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಕೋರ್ಟು ಕಚೇರಿ ಅಲೆಯುವುದು ತಪ್ಪಲಿ ಎಂಬುದು. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಸಾವಿನ ಪರಿಹಾರವನ್ನು ಇಂಥ ಪ್ರಕರಣಗಳನ್ನು ವಿಚಾರಿಸುವ ಆಯುಕ್ತರ ಬಳಿಯೇ ಠೇವಣಿ ಇಡಬೇಕು, ಅವಲಂಬಿತರಿಗೆ ಹಂಚುವವರು ಅವರೇ. ನೇರವಾಗಿ ಕೈಗೆ ಕೊಟ್ಟದ್ದನ್ನು ಪರಿಹಾರವೆಂದು ಕಾಯ್ದೆ ಒಪ್ಪುವುದಿಲ್ಲ. ಮೂರು ತಿಂಗಳ ಕೂಲಿಯಷ್ಟು ಮುಂಗಡ ಕೊಟ್ಟಿದ್ದರೆ ಅಷ್ಟನ್ನು ಮಾತ್ರ ವಜಾ ಮಾಡಬಹುದು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರೂ ಅಸಿಂಧು. ಹೀಗಾಗಿ ಎರಡು ಲಕ್ಷ ಕೊಟ್ಟು ನಿರಾಳವಾದ ಗುತ್ತಿಗೆದಾರ ವರ್ಷದ ಮೇಲೆ ನೋಟಿಸು ಬಂದಾಗ ಬೆಚ್ಚುತ್ತಾನೆ. ಕೊಟ್ಟದ್ದು ಹೋಯಿತು, ಕೊಡಬೇಕಾದದ್ದು ಬಡ್ಡಿ ಸಮೇತ ಹಾಗೇ ನಿಂತಿದೆ.

ಪಾಲಿಸಿ ಮಾಡಿಸಿದವರೆಲ್ಲ ಗೆದ್ದರು ಎಂದೂ ಅಲ್ಲ. ಟೆಂಡರ್ ಷರತ್ತಿಗೆಂದು 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಪಾಲಿಸಿ ತೆಗೆದು, ಹೆಸರಲ್ಲೇ 'ಆಲ್' ಇದೆಯಲ್ಲ ಎಂದು ನಂಬಿದವರು ಇದ್ದಾರೆ. ಅದು ಕಟ್ಟುತ್ತಿರುವ ಕಟ್ಟಡಕ್ಕೆ, ಸಾಮಾನಿಗೆ, ದಾರಿಹೋಕರಂಥ ಮೂರನೆಯವರಿಗೆ. ಸ್ವಂತ ಕೆಲಸಗಾರರು ಅದರೊಳಗೆ ಬರುವುದಿಲ್ಲ, ಅವರಿಗೆ ಬೇರೆ ಪಾಲಿಸಿ ಬೇಕು. ಆ ಪಾಲಿಸಿಯ ಪ್ರೀಮಿಯಂ ನಿಲ್ಲುವುದು ಗುತ್ತಿಗೆದಾರ ಬರೆದುಕೊಟ್ಟ ಕೂಲಿಯ ಮೊತ್ತ ಮತ್ತು ಕೆಲಸದ ಬಗೆಯ ಮೇಲೆ. ನಲವತ್ತು ಜನ ದುಡಿಯುವ ಕಡೆ ಹತ್ತು ಜನ ಎಂದು, ಎತ್ತರದ ಕೆಲಸವನ್ನು ನೆಲದ ಕೆಲಸ ಎಂದು ಬರೆಸಿದರೆ ಪ್ರೀಮಿಯಂ ಉಳಿಯುತ್ತದೆ. ಕಂಪನಿಗೆ ತಕರಾರು ತೆಗೆಯಲು ದಾರಿಯೂ ಸಿಗುತ್ತದೆ. ತುಂಡು ಗುತ್ತಿಗೆದಾರರ ಕೆಲಸಗಾರರನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದ್ದೀರಾ, ಆಸ್ಪತ್ರೆ ಖರ್ಚು ಎಷ್ಟರವರೆಗೆ, ಬಡ್ಡಿ ಸೇರುತ್ತದೆಯೇ ಎಂದು ಏಜೆಂಟನನ್ನು ಕೇಳಿಯೇ ಸಹಿ ಹಾಕಬೇಕು. ಬಡ್ಡಿಯನ್ನು ಪಾಲಿಸಿಯ ಷರತ್ತಿನಿಂದ ಹೊರಗಿಡಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡ ಮಾಡಿದ್ದಕ್ಕೆ ಬೀಳುವ ದಂಡವಂತೂ ಮಾಲೀಕನ ಸ್ವಂತ ಜೇಬಿನಿಂದಲೇ ಎಂದು 1997ರ ವೇದ್ ಪ್ರಕಾಶ್ ಗರ್ಗ್ ತೀರ್ಪು ಇತ್ಯರ್ಥ ಮಾಡಿದೆ.

"ಲೇಬರ್ ಕಾರ್ಡ್ ಐತಲ್ಲ, ಸರಕಾರ ಕೊಡ್ತದ" ಎನ್ನುವುದು ಇತ್ತೀಚಿನ ಹೊಸ ನಂಬಿಕೆ. 2007ರಿಂದ ಕೆಲಸ ಮಾಡುತ್ತಿರುವ ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತರಿಗೆ ಅಪಘಾತ ಪರಿಹಾರ ಕೊಡುವುದು ನಿಜ. ಅದರ ಹಣ ಬರುವುದು ನಿರ್ಮಾಣ ವೆಚ್ಚದ ಮೇಲಿನ ಶೇಕಡ 1ರ ಸೆಸ್‌ನಿಂದ. ಸೆಸ್ ಕಟ್ಟಿದ್ದೇನೆ ಎಂದು ಗುತ್ತಿಗೆದಾರನ ಹೊಣೆ ತೀರುವುದಿಲ್ಲ. ಕುಟುಂಬ ಎರಡನ್ನೂ ಕೇಳಬಹುದು. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದ 2 ಲಕ್ಷವೂ ಹಾಗೆಯೇ ಬೇರೆ.

ಕೆಲಸಕ್ಕೆ ಹೋಗುವ ದಾರಿಯ ಅಪಘಾತದ ಬಗ್ಗೆ ಇದ್ದ ಗೊಂದಲ ಈಚೆಗೆ ತಿಳಿಯಾಗಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್‌ನಲ್ಲಿ ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಹೊರಟು, ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಸತ್ತ. ಮನೆಯಿಂದ ಕೆಲಸಕ್ಕೆ ಹೋಗುವಾಗಿನ ಅಪಘಾತಕ್ಕೂ ಕೆಲಸಕ್ಕೂ ನಂಟಿದ್ದರೆ ಅದು ಕೆಲಸದ ಅಪಘಾತವೇ ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪಿತ್ತಿತು. ಹೊಸ ಸಂಹಿತೆಯಲ್ಲಿ ಈ ಮಾತು ನೇರವಾಗಿಯೇ ಬರೆದಿದೆ. ಬೆಳಿಗ್ಗೆ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಹೋಗುವ ಮೇಸ್ತ್ರಿಗಳು ಇದನ್ನು ಓದಬೇಕು. ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಜನ ಸಾಗಿಸಿದರೆ ವಾಹನದ ವಿಮೆಯವರು ಕೈಯೆತ್ತಲು ನೋಡುತ್ತಾರೆ ಎಂಬುದನ್ನೂ.

ಗುಳೆ ಹೋದವರ ಮನೆಗಳಲ್ಲಿರುವ ತಪ್ಪು ತಿಳಿವಳಿಕೆ ಇನ್ನೊಂದು ಬಗೆಯದು. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವವರು ಬಹಳ. 2024ರ ಅಕ್ಟೋಬರ್ 22ರಂದು ಅಲ್ಲಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಂಥ ಸುದ್ದಿ ಟಿವಿಯಲ್ಲಿ ಬಂದಾಗ ಇಲ್ಲಿನ ಊರುಗಳಲ್ಲಿ ಫೋನುಗಳು ಬಡಿದುಕೊಳ್ಳುತ್ತವೆ. ಏನಾದರೂ ಆದರೆ ಬೆಂಗಳೂರಲ್ಲೇ ಕೇಸು ಹಾಕಬೇಕು, ಅಲ್ಲಿಗೆ ಓಡಾಡುವ ಶಕ್ತಿ ನಮಗೆಲ್ಲಿದೆ ಎಂದು ಕೈಚೆಲ್ಲುವವರು ಅನೇಕರು. ಅಪಘಾತ ಎಲ್ಲೇ ಆಗಿರಲಿ, ಅರ್ಜಿದಾರರು ವಾಸಿಸುವ ಜಾಗದ ಆಯುಕ್ತರ ಮುಂದೆಯೇ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಈ ಆಯುಕ್ತರ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗಿದೆ. ಅಂದರೆ ಹಿರೇಕೊಟ್ನೆಕಲ್‌ನ ತಾಯಿಯೊಬ್ಬಳು ಮಗನ ಪರಿಹಾರಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಮೇಲ್ಮನವಿ ಹೋದರೂ ರಾಯಚೂರು ಜಿಲ್ಲೆಯ ಪ್ರಕರಣಗಳು ಹೈಕೋರ್ಟಿನ ಕಲಬುರಗಿ ಪೀಠಕ್ಕೇ ಬರುತ್ತವೆ. ಮಾಲೀಕ ಮೇಲ್ಮನವಿ ಹಾಕುವ ಮೊದಲು ಪರಿಹಾರದ ಪೂರ್ತಿ ಮೊತ್ತವನ್ನು ಠೇವಣಿ ಇಟ್ಟಿರಬೇಕು.

ಅರ್ಜಿ ಹಾಕಲು ಇರುವ ಅವಧಿ ಎರಡು ವರ್ಷ. ಎಫ್‌ಐಆರ್ ಪ್ರತಿ, ಶವಪರೀಕ್ಷೆಯ ಅಥವಾ ಗಾಯದ ವರದಿ, ವಯಸ್ಸಿನ ದಾಖಲೆ, ಕೂಲಿ ಬಂದ ಫೋನಿನ ಸಂದೇಶ, ಕೆಲಸದ ಜಾಗದ ಒಂದೆರಡು ಫೋಟೊ: ಇಷ್ಟನ್ನು ಮೊದಲ ವಾರದಲ್ಲೇ ಕೂಡಿಸಿಡಿ, ಛಾಪಾ ಕಾಗದ ಹಿಡಿದು ಬಂದವರಿಗೆ ಅಲ್ಲಿಯವರೆಗೆ ಹೆಬ್ಬೆಟ್ಟು ಕೊಡಬೇಡಿ.